ಮೈಸೂರು–ಮಂಡ್ಯ ಸೀಮೆಯ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಮನೆಯಲ್ಲೇ ವೀಣೆ ಪಾಠ ಹೇಳುತ್ತೇನೆ. ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಪಾಠ ಮುಗಿಯುವವರೆಗೆ ಜಗಲಿಯಲ್ಲಿ ಕೂರುತ್ತಾರೆ. ಕೂತವರು ಸುಮ್ಮನಿರುತ್ತಾರಾ? ಏನಾದರೂ ಕೇಳುತ್ತಾರೆ. ದಸರಾ ಹತ್ತಿರ ಬಂತು ಅಂದರೆ ಬೆಂಗಳೂರಿನ ನೆಂಟರದ್ದೂ ಅವೇ ಪ್ರಶ್ನೆಗಳು. ಹೇಳಿ ಹೇಳಿ ಗಂಟಲು ಒಣಗಿತು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರು ಕೇಳಿದ ಹಾಗೇ ಇವೆ. ಉತ್ತರ ಕೆಲವು ಕಡೆ ಉದ್ದ, ಕೆಲವು ಕಡೆ ಮೊಟಕು.

ಮೈಸೂರು ಸಂಗೀತ ಅಂದ್ರೆ ಅರಮನೆ ಸಂಗೀತ ತಾನೇ?

ಅರ್ಧ ಹೌದು. ತಲೆಮಾರುಗಟ್ಟಲೆ ಇಲ್ಲಿನ ವಿದ್ವಾಂಸರ ಮನೆಯಲ್ಲಿ ಒಲೆ ಉರಿದದ್ದು ಅರಮನೆಯಿಂದ. ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ದರ್ಬಾರಿನಲ್ಲಿ ಕೂತು ಕೇಳಿದವರು ಎಷ್ಟು ಜನ ಇದ್ದಾರು? ಅದೇ ಹೊತ್ತಿಗೆ ಮಳವಳ್ಳಿ ಕಡೆ ರಾತ್ರಿಯಿಡೀ ತಂಬೂರಿ ಪದ ನಡೆಯುತ್ತಿತ್ತು. ಮಂಡ್ಯ ಕಡೆ ಮದುವೆ ಮನೆಯಲ್ಲಿ ಸೋಬಾನೆ ಹಾಡುತ್ತಿದ್ದರು. ಅದನ್ನು ಯಾರೂ ಆಸ್ಥಾನದ ಪಟ್ಟಿಯಲ್ಲಿ ಬರೆದಿಡಲಿಲ್ಲ, ಅಷ್ಟೆ.

ಯಾವ ರಾಜರು ಯಾರಿಗೆ ಏನು ಬಿರುದು ಕೊಟ್ಟರು ಅನ್ನೋದು ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಾನು ನೋಡುವುದು ಬೇರೆ: ಕೇಳುವವರು ಎಲ್ಲಿ ಕೂತಿದ್ದರು? ಬಯಲಲ್ಲಾ, ಗುಡಿಯಲ್ಲಾ, ದರ್ಬಾರಿನಲ್ಲಾ, ಪೆಂಡಾಲಿನಲ್ಲಾ, ರೇಡಿಯೊ ಪಕ್ಕದಲ್ಲಾ? ಜಾಗ ಬದಲಾದಾಗಲೆಲ್ಲ ಹಾಡು ಬದಲಾಗಿದೆ, ವಾದ್ಯವೂ ಬದಲಾಗಿದೆ. ಕೆಳಗೆ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಬಯಲಲ್ಲಿ ಹಾಡುವವರು ಅಂದ್ರಲ್ಲ, ಅವರು ಯಾರು?

ಮುಖ್ಯವಾಗಿ ಎರಡು ದೊಡ್ಡ ಪರಂಪರೆ. ಮಂಟೇಸ್ವಾಮಿಯ ಕಥೆ ಹಾಡುವವರು ನೀಲಗಾರರು. ಅವರ ಕೈಯಲ್ಲಿ ತಂಬೂರಿ, ಗಗ್ಗರ, ಜೊತೆಗೆ ಡಕ್ಕೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಅವರಿಗೆ ದೊಡ್ಡ ಕ್ಷೇತ್ರ. ಇದೇ ಪರಂಪರೆಯ ಚಿಕ್ಕಲ್ಲೂರು ಜಾತ್ರೆ ಐದು ದಿನ ನಡೆಯುತ್ತದೆ, ಹೋದರೆ ಒಂದು ರಾತ್ರಿಯಾದರೂ ನಿದ್ದೆಗೆಟ್ಟು ಕೇಳಿ. ಇನ್ನೊಂದು ಮಲೆ ಮಾದೇಶ್ವರನ ಕಥೆ. ಅದನ್ನು ಹಾಡುವವರು ದೇವರಗುಡ್ಡರು, ಜನ ಕರೆಯುವುದು ಕಂಸಾಳೆಯವರು ಅಂತ. ಆ ಕಥೆಯ ಒಂದೊಂದು ಭಾಗಕ್ಕೆ 'ಸಾಲು' ಅನ್ನುತ್ತಾರೆ. ಒಂದು ಸಾಲು ಮುಗಿಯುವಷ್ಟರಲ್ಲಿ ಬೆಳಗಾಗುವುದೂ ಉಂಟು.

ಕಂಸಾಳೆಯನ್ನು ಹತ್ತಿರದಿಂದ ನೋಡಿದ್ದೀರಾ? ಕಂಚಿನ ಜೋಡಿ ತಾಳ ಅದು. ಎಡಗೈಯಲ್ಲಿ ಬಟ್ಟಲಿನಂಥದ್ದು. ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ಬಿಲ್ಲೆ, ದಾರದ ತುದಿಗೆ ಕುಚ್ಚು. ಕುಣಿಯುವವನು ಬಿಲ್ಲೆಯನ್ನು ಬೀಸಿ ಬಿಡುತ್ತಾನೆ. ಅದು ತಲೆ ಸುತ್ತಿ, ಬೆನ್ನ ಹಿಂದೆ ಹಾದು, ತಾಳ ತಪ್ಪದೆ ಬಟ್ಟಲಿಗೇ ಬಂದು ಬಡಿಯುತ್ತದೆ. ಪಕ್ಕದವನ ಬಟ್ಟಲಿಗೂ ಬಡಿಯುತ್ತದೆ. ಲೆಕ್ಕಾಚಾರದಲ್ಲಿ ಇದು ಯಾವ ಮೃದಂಗದ ತನಿಗೂ (ಕಚೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗ) ಕಮ್ಮಿ ಇಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಕಚೇರಿಯವರು ಕೆಲವರು ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಬಯಲಲ್ಲಿ ಕೊನೆಯಲ್ಲಿ ಕೂತ ಅಜ್ಜಿಗೂ ಕಥೆ ಕೇಳಬೇಕು. ಅದಕ್ಕೇ ಆ ಎತ್ತರದ ದನಿ, ಮಾತು ಒಡೆದು ಹೇಳುವ ರೀತಿ, ಹಿಮ್ಮೇಳದವರು ಪ್ರತಿ ಸಲ ಸೊಲ್ಲು ಹಿಡಿದು ಹೇಳುವುದು. ಮುಖ್ಯ ಗಾಯಕನಿಗೆ ಉಸಿರು ತೆಗೆದುಕೊಳ್ಳಲೂ ಅಷ್ಟು ಹೊತ್ತು ಸಿಗುತ್ತದೆ.

ಸಾವಿರ ವರ್ಷದ ಹಿಂದಿನ ಸಂಗೀತ ಹೇಗಿತ್ತು ಅಂತ ಗೊತ್ತಾಗೋದು ಹೇಗೆ?

ಕಿವಿಗೆ ಗೊತ್ತಾಗುವುದಿಲ್ಲ. ನಾದ ಉಳಿದಿಲ್ಲ. ಉಳಿದಿರುವುದು ಎರಡು: ಕಲ್ಲು ಮತ್ತು ಗ್ರಂಥ.

ಕಲ್ಲು ನೋಡಬೇಕು ಅಂದರೆ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ. ಹೊಯ್ಸಳರ ಕಾಲದ್ದು, 13ನೇ ಶತಮಾನ. ಒಳಗೆ ಮೂರು ಗರ್ಭಗುಡಿ, ಒಂದರಲ್ಲಿ ಕೊಳಲು ಹಿಡಿದ ವೇಣುಗೋಪಾಲ. ಜನ ಕೈ ಮುಗಿದು ಬಂದುಬಿಡುತ್ತಾರೆ, ಬೆರಳು ನೋಡುವುದಿಲ್ಲ. ಕೊಳಲಿನ ಮೇಲೆ ಆ ಬೆರಳುಗಳು ಹೇಗೆ ಕೂತಿವೆ ನೋಡಿ ಬನ್ನಿ.

ಗ್ರಂಥಗಳಲ್ಲಿ ಭರತನ ನಾಟ್ಯಶಾಸ್ತ್ರ ಹಳೆಯದು. ಮತಂಗನ ಬೃಹದ್ದೇಶಿಯಲ್ಲಿ 'ರಾಗ' ಅಂದರೇನು ಅಂತ ಮೊದಲ ಸಲ ಬಿಡಿಸಿ ಹೇಳಿದ್ದಾರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಬರೆಸಿದ. ಅಡುಗೆ, ಆನೆ, ಬೇಟೆ ಎಲ್ಲದರ ಜೊತೆ ಅದರಲ್ಲಿ ಸಂಗೀತಕ್ಕೂ ಧಾರಾಳವಾಗಿ ಜಾಗ ಇದೆ. 13ನೇ ಶತಮಾನದಲ್ಲಿ ದೇವಗಿರಿಯಲ್ಲಿ ಶಾರ್ಙ್ಗದೇವನ ಸಂಗೀತ ರತ್ನಾಕರ ಬಂತು. ಇವುಗಳನ್ನು ಓದಿ ಆ ಕಾಲದ ಹಾಡನ್ನು ಹಾಡಿಬಿಡುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾರಿನ ಪುಡಿ ಲೆಕ್ಕ ಓದಿದರೆ ಅಜ್ಜಿಯ ಸಾರು ಬರುತ್ತದಾ?

ಸರಿಗಮ ಕಂಡುಹಿಡಿದವರು ಪುರಂದರದಾಸರಾ?

ಅಲ್ಲ. ಏಳು ಸ್ವರ ಅವರಿಗಿಂತ ಬಹಳ ಹಳೆಯದು. ದಾಸರು (1484–1564) ಮಾಡಿದ್ದು ಬೇರೆ ಕೆಲಸ, ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡದು. ಕಲಿಯುವವರಿಗೆ ದಾರಿ ಹಾಕಿಕೊಟ್ಟರು. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಈ ಕ್ರಮ ಅವರದ್ದು ಅಂತಲೇ ಪರಂಪರೆ ಹೇಳುತ್ತದೆ. ಇವತ್ತು ಚೆನ್ನೈನಲ್ಲಿ ಕೂತ ಮಗುವೂ, ಅಮೆರಿಕದಿಂದ ವಿಡಿಯೊ ಕಾಲ್‌ನಲ್ಲಿ ಕಲಿಯುವ ಮಗುವೂ ಅಲ್ಲಿಂದಲೇ ಶುರು ಮಾಡುವುದು.

ಯಾಕೆ ಅದೇ ರಾಗ ಅಂತ ಜಗಲಿಯಲ್ಲಿ ಒಬ್ಬರು ಕೇಳಿದ್ದರು. ಸ್ವರಗಳು ಎರಡೆರಡು ಜೋಡಿಯಾಗಿ ಹತ್ತಿರ ಹತ್ತಿರ ಕೂತಿವೆ: ಸ-ರಿ, ಗ-ಮ, ಪ-ದ, ನಿ-ಸ. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧ ಅದೇ ಅಚ್ಚಿನದು. ಪುಟ್ಟ ಮಕ್ಕಳ ಗಂಟಲಿಗೂ ಬೆರಳಿಗೂ ಬೇಗ ಹತ್ತುತ್ತದೆ.

72 ಮೇಳಕರ್ತ ರಾಗಗಳ (ಬೇರೆ ರಾಗಗಳಿಗೆ ತಾಯಿಯಂಥವು) ಲೆಕ್ಕ ದಾಸರ ಕಾಲದ ಆಮೇಲಿನದು. 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿ ಕಟ್ಟಿದ್ದು. ಅವರ ತಂದೆ ಗೋವಿಂದ ದೀಕ್ಷಿತರು ಕನ್ನಡದವರು, ಅಲ್ಲಿ ಮಂತ್ರಿಯಾಗಿದ್ದವರು.

ಕರ್ನಾಟಕ ಸಂಗೀತ ಅಂತೀರಿ, ಹಾಡೆಲ್ಲ ತೆಲುಗು. ಇದ್ಯಾಕೆ?

ಈ ಪ್ರಶ್ನೆಯನ್ನು ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತಾರೆ. ತಂಜಾವೂರಿನ ನಾಯಕ ಅರಸರ ಕಾಲದಿಂದ ಅಲ್ಲಿ ಸಂಗೀತ ಸಾಹಿತ್ಯಕ್ಕೆ ತೆಲುಗೇ ಭಾಷೆ. ತ್ಯಾಗರಾಜರು ಬರೆದದ್ದು ಅದರಲ್ಲೇ. ಮುಂದೆ ಕೃತಿ ಅಂದರೆ ತೆಲುಗು ಅನ್ನುವಷ್ಟು ರೂಢಿಯಾಯಿತು. ನಮ್ಮ ಮೈಸೂರು ವಾಸುದೇವಾಚಾರ್ಯರೂ (1865–1961) ಹೆಚ್ಚಾಗಿ ಬರೆದದ್ದು ತೆಲುಗು, ಸಂಸ್ಕೃತದಲ್ಲಿ. ಅವರನ್ನು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಕಲಿಯಲು ತಿರುವಯ್ಯಾರಿಗೆ ಕಳಿಸಿದ್ದೇ ಮೈಸೂರಿನ ಮಹಾರಾಜರು. ಖಮಾಚ್ ರಾಗದ 'ಬ್ರೋಚೇವಾರೆವರುರಾ' ಅವರದ್ದೇ. ಎಷ್ಟೋ ಜನ ಅದನ್ನು ತ್ಯಾಗರಾಜರದ್ದು ಅಂದುಕೊಂಡಿದ್ದಾರೆ.

ಕನ್ನಡ ಇರಲಿಲ್ಲ ಅಂತಲ್ಲ. ದೇವರನಾಮಗಳು ಮನೆಮನೆಯಲ್ಲೂ ಭಜನೆಯಲ್ಲೂ ಇದ್ದವು. ಅವನ್ನು ಕಚೇರಿಯ ಮಧ್ಯಕ್ಕೆ ತಂದು ಗೌರವದಿಂದ ಹಾಡಿದವರಲ್ಲಿ ಬಿಡಾರಂ ಕೃಷ್ಣಪ್ಪ (1866–1931) ಮೊದಲಿಗರು. ಅವರೇ ಮುಂದೆ ನಿಂತು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಅರಮನೆಯ ಒಳಗೆ ಬಿಡದವರೂ ಅಲ್ಲಿ ಕೂತು ದೊಡ್ಡ ವಿದ್ವಾಂಸರನ್ನು ಕೇಳಬಹುದಿತ್ತು. ಇನ್ನು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ಕಟ್ಟಿದ್ದು ಯಾರು ಗೊತ್ತಾ? ತಮಿಳುನಾಡಿನಿಂದ ಬಂದ ಹರಿಕೇಶನಲ್ಲೂರ್ ಮುತ್ತಯ್ಯ ಭಾಗವತರು. ಇಲ್ಲಿನ ಪಂಡಿತರ ನೆರವು ಪಡೆದು ಕನ್ನಡದಲ್ಲೇ ಮಾಡಿದರು. ಇಂಥದ್ದನ್ನು ನೆನೆಸಿಕೊಂಡರೆ ಆ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಶ್ರೀರಂಗಪಟ್ಟಣಕ್ಕೂ ಸಂಗೀತಕ್ಕೂ ಏನಾದರೂ ನಂಟಿದೆಯಾ? ನಾವು ಮಂಡ್ಯದವರು, ಎಲ್ಲ ಮೈಸೂರಿನದ್ದೇ ಹೇಳ್ತೀರಿ.

ಇದೆ, ಚೆನ್ನಾಗೇ ಇದೆ. ದಸರಾ ಶುರುವಾಗಿದ್ದೇ ನಿಮ್ಮಲ್ಲಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು, ಅಲ್ಲೇ ದಸರಾ ಆಚರಣೆ ಆರಂಭಿಸಿದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ಗೀತಗೋಪಾಲ ಅನ್ನುವ ಕನ್ನಡ ಹಾಡುಗಬ್ಬ ಇದೆ, ಜಯದೇವನ ಗೀತಗೋವಿಂದದ ದಾರಿಯದು. ಆಗಲೂ ರಾಜಧಾನಿ ಶ್ರೀರಂಗಪಟ್ಟಣವೇ.

ಇನ್ನೊಂದು ವಿಚಿತ್ರ ಇದೆ. ಟಿಪ್ಪುವಿನ ಹತ್ತಿರ ಮರದ ಹುಲಿ ಒಂದಿತ್ತು. ಮಲಗಿದ ಯುರೋಪಿನ ಸೈನಿಕನ ಮೇಲೆ ಹುಲಿ ಎರಗಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಡುತ್ತದೆ, ಮನುಷ್ಯ ನರಳುತ್ತಾ ಕೈ ಎತ್ತುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಹುಲಿಯ ಹೊಟ್ಟೆಯೊಳಗೆ 18 ಕೀಲಿಯ ಆರ್ಗನ್ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಪಕ್ಕೆಯ ಬಾಗಿಲು ತೆಗೆದು ನುಡಿಸಬಹುದು. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಹೊತ್ತುಕೊಂಡು ಹೋದರು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮಂಡ್ಯ ಜಿಲ್ಲೆಯಿಂದ ಅಷ್ಟು ದೂರ ಹೋದ ವಾದ್ಯ ಬೇರೆ ಇರಲಾರದು!

ಮೇಲುಕೋಟೆಯನ್ನು ಬಿಟ್ಟರೆ ನೀವು ಬೈತೀರಿ. ಅಲ್ಲಿನ ಕವಿ ಪು.ತಿ.ನ. ಹಾಡಿನಲ್ಲೇ ನಡೆಯುವ ಗೇಯ ನಾಟಕಗಳನ್ನು ಕನ್ನಡಕ್ಕೆ ಕೊಟ್ಟರು.

ವೀಣೆ ಅಂದ್ರೆ ಮೈಸೂರು ಅಂತಾರಲ್ಲ, ಯಾಕೆ?

ಒಂದೇ ಊರಿನಲ್ಲಿ, ಕೂಗಳತೆಯಲ್ಲಿ, ತಲೆಮಾರುಗಟ್ಟಲೆ ಒಳ್ಳೆಯ ವೈಣಿಕರು ಇದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ಭಕ್ಷಿ ವೆಂಕಟಸುಬ್ಬಯ್ಯ. ಆಮೇಲೆ ವೀಣೆ ಶೇಷಣ್ಣ (1852–1926) ಮತ್ತು ವೀಣೆ ಸುಬ್ಬಣ್ಣ. ಶೇಷಣ್ಣನವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997). ಹೆಸರಿನ ಹಿಂದೆ 'ವೀಣೆ' ಅಂತ ಮನೆತನದ ಹಾಗೆ ಅಂಟಿಕೊಂಡಿದೆ ನೋಡಿ.

ಶೇಷಣ್ಣನವರ ಬಗ್ಗೆ ಒಂದು ಕಥೆ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ಶಿವರಾತ್ರಿಯ ರಾತ್ರಿ ಮುಮ್ಮಡಿಯವರ ಮುಂದೆ ಹೊರಗಿನ ವಿದ್ವಾಂಸರೊಬ್ಬರು ಬಿಗಿಯಾದ ಪಲ್ಲವಿ ಹಾಡಿದರು. ಇಲ್ಲಿಯವರು ಯಾರಾದರೂ ತಿರುಗಿಸಿ ಹಾಡಿ ಅಂದರು. ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡರು. ಅಪ್ಪ ಚಿಕ್ಕರಾಮಪ್ಪನವರ ಜೊತೆ ಬಂದಿದ್ದ ಪುಟ್ಟ ಹುಡುಗ ಶೇಷಣ್ಣ ಹಾಡಿಬಿಟ್ಟ. ಮಹಾರಾಜರು ಕೊರಳಿನ ಹಾರ ತೆಗೆದು ಹಾಕಿದರಂತೆ. ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ನಾನು ಕೇಳಲು ಹೋಗಿಲ್ಲ. ಪಾಠ ತಪ್ಪಿಸುವ ಮಕ್ಕಳಿಗೆ ಹೇಳಲು ಕೆಲಸಕ್ಕೆ ಬರುತ್ತದೆ.

ಮೈಸೂರು ಬಾನಿಯಲ್ಲಿ, ಅಂದರೆ ಇಲ್ಲಿನ ನುಡಿಸುವ ಶೈಲಿಯಲ್ಲಿ, ತಂತಿಯನ್ನು ಎಳೆದೆಳೆದು ಗಮಕ (ಸ್ವರದ ಓಲಾಟ) ತೆಗೆಯುವುದು ಕಮ್ಮಿ. ಎಡಗೈಯ ಎರಡು ಬೆರಳನ್ನು ಬೇರೆ ಬೇರೆಯಾಗಿ ಓಡಿಸುತ್ತಾರೆ. ಮೀಟು ಬಿಡಿಬಿಡಿಯಾಗಿ, ಮುತ್ತು ಉದುರಿದ ಹಾಗೆ ಕೇಳುತ್ತದೆ. ತಾನ ನುಡಿಸುವಾಗ ಇದರ ಸೊಗಸು ಗೊತ್ತಾಗಬೇಕು. ಸಣ್ಣ ಕೋಣೆಯಲ್ಲಿ, ನಾಲ್ಕಾರು ಜನರ ಮುಂದೆ, ಮೈಕ್ ಇಲ್ಲದೆ ಕೇಳಿ. ಆ ಬಾನಿ ಹುಟ್ಟಿದ್ದು ಅಂಥ ಕೋಣೆಗಳಲ್ಲೇ.

ಮೈಸೂರು ವೀಣೆಗೂ ತಂಜಾವೂರು ವೀಣೆಗೂ ಏನು ವ್ಯತ್ಯಾಸ? ಯಾವುದು ತಗೋಬೇಕು?

ಮೈಸೂರಿನದು ಬೀಟೆ ಮರ, ತಂಜಾವೂರಿನದು ಹಲಸಿನ ಮರ. ಎರಡಕ್ಕೂ 24 ಮೆಟ್ಟಿಲು (ತಂತಿಯ ಕೆಳಗೆ ದಂಡಿಯ ಮೇಲಿರುವ ಲೋಹದ ಅಡ್ಡಪಟ್ಟಿ), ಏಳು ತಂತಿ: ನುಡಿಸಲು ನಾಲ್ಕು, ತಾಳಕ್ಕೆ ಮೂರು. ಹಿಂದೆ ರಾಗಕ್ಕೆ ತಕ್ಕಂತೆ ಮೆಟ್ಟಿಲು ಜರುಗಿಸುತ್ತಿದ್ದರು. 24 ಮೆಟ್ಟಿಲನ್ನು ಅಲುಗದಂತೆ ಕೂರಿಸುವ ಪದ್ಧತಿ 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದ್ದು ಅನ್ನುತ್ತಾರೆ. ಮೊದಲ ವೀಣೆಗೆ ಕೆತ್ತನೆ, ಚಿತ್ತಾರಕ್ಕೆ ದುಡ್ಡು ಸುರಿಯಬೇಡಿ. ಮೇಳ ಚೆನ್ನಾಗಿ ಕಟ್ಟಿದ್ದಾರಾ ನೋಡಿ.

ಮೇಳ ಕಟ್ಟುವುದು ಅಂದರೆ ಮೆಟ್ಟಿಲು ಕೂರಿಸುವುದು. ಜೇನುಮೇಣಕ್ಕೆ ಕಪ್ಪು ಬೆರೆಸಿ ಕಾಯಿಸಿ, ದಂಡಿಯ ಎರಡೂ ಅಂಚಿಗೆ ಕಟ್ಟೆಯ ಹಾಗೆ ಕಟ್ಟುತ್ತಾರೆ. ಮೇಣ ಮೆತ್ತಗಿರುವಾಗಲೇ ಲೋಹದ ಮೆಟ್ಟಿಲನ್ನು ಅದರ ಮೇಲೆ ಇಡಬೇಕು. ನಾನು ಕಂಡ ಕುಶಲಕರ್ಮಿಯೊಬ್ಬರು ಮೆಟ್ಟಿಲು ಇಟ್ಟು, ಒಮ್ಮೆ ಮೀಟಿ, ತಲೆ ವಾರೆ ಮಾಡಿ ಕೇಳುತ್ತಿದ್ದರು. ಮತ್ತೆ ಎಳ್ಳಿನಷ್ಟು ಜರುಗಿಸುತ್ತಿದ್ದರು. ಮತ್ತೆ ಮೀಟು. 24 ಮೆಟ್ಟಿಲಿಗೂ ಹೀಗೇ. ಮಧ್ಯೆ ಮಾತಾಡಿಸಿದರೆ ಉತ್ತರ ಇಲ್ಲ, ಬೀದಿಯಲ್ಲಿ ಆಟೋ ಹಾರ್ನ್ ಹೊಡೆದರೆ ಮಾತ್ರ ಹುಬ್ಬು ಗಂಟು.

ಒಂದು ಬುದ್ಧಿಮಾತು, ನನ್ನ ದುಡ್ಡಲ್ಲಿ ಕಲಿತದ್ದು. ಏಪ್ರಿಲ್‌ನಲ್ಲಿ ಒಂದು ಸಲ ಮಂಡ್ಯದಲ್ಲಿ ಕಾರ್ಯಕ್ರಮ ಇತ್ತು. ವೀಣೆಯನ್ನು ಕಾರಿನಲ್ಲೇ ಬಿಟ್ಟು ಊಟಕ್ಕೆ ಹೋದೆ. ಮುದ್ದೆ, ಸೊಪ್ಪಿನ ಸಾರು, ಮೇಲೆ ಎರಡು ಮಾತು, ಒಂದು ಗಂಟೆ ಆಯಿತು. ಬಂದು ನೋಡಿದರೆ ಬಿಸಿಲಿಗೆ ಮೇಣ ಇಳಿದು ನಾಲ್ಕು ಮೆಟ್ಟಿಲು ವಾಲಿಕೊಂಡಿವೆ. ಅವತ್ತು ಆ ಸ್ವರಗಳು ಜಾಸ್ತಿ ಬಾರದ ರಾಗ ಹುಡುಕಿ ಹುಡುಕಿ ನುಡಿಸಿದೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಮುಂದಿನ ಸಾಲಿನ ಅಜ್ಜರೊಬ್ಬರು ಕೊನೆಗೆ ಹತ್ತಿರ ಬಂದು "ಬಿಸಿಲು ಜಾಸ್ತಿ ಅಲ್ವಾ ತಾಯಿ" ಅಂದರು.

ಏಳು ತಂತಿ ಪಿಟೀಲು ನಿಜವಾಗಲೂ ಇತ್ತಾ?

ಇತ್ತು. ಪಿಟೀಲು ಚೌಡಯ್ಯನವರದ್ದು (1895–1967). ಹುಟ್ಟಿದ್ದು ತಿರುಮಕೂಡಲಿನಲ್ಲಿ, ಗುರು ಬಿಡಾರಂ ಕೃಷ್ಣಪ್ಪ. ಅಷ್ಟು ಹೊತ್ತಿಗೆ ಕಚೇರಿ ಸಣ್ಣ ಕೋಣೆಯಿಂದ ಸಭೆಗೆ, ಚಪ್ಪರಕ್ಕೆ ಬಂದಿತ್ತು. ಮೈಕ್ ಇನ್ನೂ ಬಂದಿರಲಿಲ್ಲ. ದೊಡ್ಡ ಗಂಟಲಿನ ಗಾಯಕರ ಪಕ್ಕ ಪಿಟೀಲು ಹಿಂದಿನವರಿಗೆ ಕೇಳುತ್ತಲೇ ಇರಲಿಲ್ಲ. ಚೌಡಯ್ಯನವರು 1927ರಲ್ಲಿ ಮಾಮೂಲಿ ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿದರು. ಜೋಡಿ ತಂತಿ ಒಟ್ಟಿಗೆ ನುಡಿದು ನಾದ ದಪ್ಪವಾಯಿತು. ಆಮೇಲೆ ಮೈಕ್ ಬಂತು, ಆ ಪಿಟೀಲಿನ ಅಗತ್ಯವೂ ಕಡಿಮೆಯಾಯಿತು. 1957ರಲ್ಲಿ ಅವರಿಗೆ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಸಿಕ್ಕಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣ ಇದೆಯಲ್ಲ, ಅದು ಇವರ ನೆನಪಿಗೇ.

ಎಲ್ಲ ಗಂಡಸರ ಹೆಸರೇ ಹೇಳ್ತಿದ್ದೀರಿ. ಹೆಂಗಸರು ಹಾಡ್ತಿರಲಿಲ್ವಾ?

ಹಾಡುತ್ತಿದ್ದರು. ಬೀಸುವ ಕಲ್ಲಿನ ಮುಂದೆ, ಮದುವೆ ಮನೆಯಲ್ಲಿ, ಗದ್ದೆ ನಾಟಿಯಲ್ಲಿ ಹಾಡಿದ್ದು ಅವರೇ. ಕಚೇರಿಯ ವೇದಿಕೆಗೆ ಬರಲು ಮಾತ್ರ ಬಹಳ ಹೆಣಗಬೇಕಾಯಿತು.

ಬೆಂಗಳೂರು ನಾಗರತ್ನಮ್ಮ ಅಂತ ಹೆಸರಿದ್ದರೂ ಹುಟ್ಟಿದ್ದು ನಮ್ಮ ನಂಜನಗೂಡಿನಲ್ಲಿ, 1878ರಲ್ಲಿ. ದೇವದಾಸಿ ಮನೆತನ. ಸಂಗೀತದಲ್ಲಿ ಗಳಿಸಿದ್ದನ್ನು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಲು ಹಾಕಿದರು. ಕಟ್ಟಿಸಿದ ಮೇಲೂ ಆರಾಧನೆಯಲ್ಲಿ ಹೆಂಗಸರು ಹಾಡಬಾರದು ಅಂತ ಅದನ್ನು ನಡೆಸುತ್ತಿದ್ದ ಗಂಡಸರು ಅಂದರು. ಇವರು ಬಿಡಲಿಲ್ಲ, ಹೆಂಗಸರದ್ದೇ ಬೇರೆ ಆರಾಧನೆ ನಡೆಸಿದರು. ಈಗ ಪ್ರತಿ ವರ್ಷ ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು ತ್ಯಾಗರಾಜರ ಪಂಚರತ್ನ ಕೃತಿ ಹಾಡುವುದನ್ನು ಟೀವಿಯಲ್ಲಿ ನೋಡುವಾಗ ನನಗೆ ನಂಜನಗೂಡು ನೆನಪಾಗುತ್ತದೆ.

ಇನ್ನೊಬ್ಬರು ಕೋಲ್ಕತ್ತದ ಗೌಹರ್ ಜಾನ್. 1902ರಲ್ಲಿ ಗ್ರಾಮೊಫೋನಿಗೆ ಹಾಡಿ ದೇಶದ ಮೊದಲ ತಾರೆಯಾದವರು. ರೆಕಾರ್ಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಹಾಡಿದ್ದು ಯಾರು ಅಂತ ತಿಳಿಯಬೇಕಲ್ಲ! ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ಚಿಲ್ಲರೆ ನಿಮಿಷಕ್ಕೆ ಇಳಿಸುವುದನ್ನು ಮೊದಲು ಕಲಿತವರಲ್ಲಿ ಅವರೂ ಒಬ್ಬರು. ಕೈ ಖಾಲಿಯಾದ ಕಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಕರೆದು ಆಸ್ಥಾನದಲ್ಲಿ ಜಾಗ ಕೊಟ್ಟರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಮೈಸೂರಿನಲ್ಲಿ ಹಿಂದೂಸ್ತಾನಿ ಇರಲಿಲ್ಲ ಅಲ್ವಾ? ಅದು ಧಾರವಾಡದ್ದು.

ಧಾರವಾಡಕ್ಕೆ ಆ ಗಾಳಿ ಬೀಸಿದ್ದರಲ್ಲಿ ಮೈಸೂರಿನ ಪಾಲೂ ಇದೆ. ಕಿರಾನಾ ಘರಾಣೆಯ (ಹಿಂದೂಸ್ತಾನಿ ಗಾಯನದ ಒಂದು ಪರಂಪರೆ) ಅಬ್ದುಲ್ ಕರೀಂ ಖಾನರು ಮೈಸೂರು ದರ್ಬಾರಿಗೆ ಬಂದು ಹೋಗುತ್ತಿದ್ದರು. ಹೋಗುವ ಬರುವ ದಾರಿಯಲ್ಲಿ ಧಾರವಾಡದಲ್ಲಿ ಇಳಿದು ಉಳಿಯುತ್ತಿದ್ದರು. ಸವಾಯಿ ಗಂಧರ್ವರಂಥವರು ಅವರ ಶಿಷ್ಯರಾದರು. ಖಾನರು ಇಲ್ಲಿನ ಸಂಗೀತ ಕೇಳಿ ಸುಮ್ನೆ ಹೋಗಲಿಲ್ಲ. ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ಕಲಿತು ರೆಕಾರ್ಡಿಗೂ ಹಾಡಿದರು. ನಮ್ಮ ಕಾಲಕ್ಕೆ ಬಂದರೆ ಸರೋದ್ ವಾದಕ ರಾಜೀವ್ ತಾರಾನಾಥ್ (1932–2024) ಇದ್ದದ್ದು ಇದೇ ಊರಿನಲ್ಲಿ.

ಮಹಾರಾಜರಿಗೆ ಪಿಯಾನೊ ಬರ್ತಿತ್ತಂತೆ, ಹೌದಾ?

ನಾಲ್ವಡಿಯವರಿಗೂ ಬರುತ್ತಿತ್ತು, ಜಯಚಾಮರಾಜ ಒಡೆಯರಿಗೆ (1919–1974) ಇನ್ನೂ ಚೆನ್ನಾಗಿ. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆಗಿದ್ದರು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ನಿಕೊಲಾಯ್ ಮೆಟ್ನರ್ ಅನ್ನುವ ಸಂಗೀತಗಾರರ ರಚನೆಗಳನ್ನು ತಮ್ಮ ಖರ್ಚಿನಲ್ಲಿ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡು ಮೊದಲ ಸಲ ಕೇಳಿಬಂತು. ಅದಕ್ಕೆ ಹಣದ ಭರವಸೆ ಕೊಟ್ಟವರೂ ಇವರೇ. ಹೋಗಿ ಕೇಳಲು ಮಾತ್ರ ಇವರಿಗೆ ಆಗಲಿಲ್ಲ.

ಇಷ್ಟೆಲ್ಲ ಮಾಡಿದವರು ವಾಸುದೇವಾಚಾರ್ಯರ ಹತ್ತಿರ ಕಲಿತು, 'ಶ್ರೀವಿದ್ಯಾ' ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿ ರಚಿಸಿದರು. ಎರಡು ಸಂಗೀತವನ್ನೂ ಕಲಸುಮೇಲೋಗರ ಮಾಡಲಿಲ್ಲ. ಅದು ನನಗೆ ಬಹಳ ಇಷ್ಟ.

ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇದ್ದವು. ಮುಂದೆ ಅವು ಪೊಲೀಸ್ ಇಲಾಖೆಗೆ ಸೇರಿದವು. ದಸರಾದಲ್ಲಿ ನೀವು ನೋಡುವ ಪೊಲೀಸ್ ಬ್ಯಾಂಡ್ ಅದೇ. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಸ್ಯಾಕ್ಸೊಫೋನ್ ಕೇಳಿ ಮರುಳಾಗಿದ್ದು ಈ ಅರಮನೆ ಬ್ಯಾಂಡಿನಲ್ಲೇ.

'ಕಾಯೌ ಶ್ರೀಗೌರಿ' ಬರೆದವರು ಯಾರು?

ಬಸವಪ್ಪ ಶಾಸ್ತ್ರಿಗಳು (1843–1891). ಮೈಸೂರು ಸಂಸ್ಥಾನದ ನಾಡಗೀತೆ ಅದು.

ಆಕಾಶವಾಣಿ ಹುಟ್ಟಿದ್ದು ಮೈಸೂರಿನಲ್ಲಿ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಸುಳ್ಳಾ?

ವಾಟ್ಸಾಪ್‌ನಲ್ಲಿ ಬಂದ ನಿಜಗಳಲ್ಲಿ ಇದೂ ಒಂದು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಯಂತ್ರದ ಶಕ್ತಿ 30 ವ್ಯಾಟ್. ಹಳೇ ಟ್ಯೂಬ್‌ಲೈಟ್ ಉರಿಯಲೂ ಅದಕ್ಕಿಂತ ಜಾಸ್ತಿ ಬೇಕು! ಅದಕ್ಕಿದ್ದ 'ಆಕಾಶವಾಣಿ' ಅನ್ನುವ ಹೆಸರನ್ನು ದೇಶದ ರೇಡಿಯೊಗೆ ಇಟ್ಟುಕೊಂಡದ್ದು ಆಮೇಲೆ, 1950ರ ದಶಕದಲ್ಲಿ.

ರೇಡಿಯೊ ಬಂದ ಮೇಲೆ ವಿದ್ವಾಂಸರು ಗಡಿಯಾರ ನೋಡಿಕೊಂಡು ಹಾಡಲು ಕಲಿತರು. ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಎದುರಿಗೆ ತಲೆದೂಗುವವರಿಲ್ಲ, "ಭೇಷ್" ಅನ್ನುವವರಿಲ್ಲ, ಗಾಜಿನಾಚೆ ಕೆಂಪು ದೀಪ. ಹಾಗಂತ ನಷ್ಟವೇ ಆಯಿತು ಅನ್ನಲಾರೆ. ದರ್ಬಾರಿನ ಬಾಗಿಲನ್ನೂ ನೋಡದ ನಮ್ಮಜ್ಜಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಿದ್ದು ಹುರುಳಿಕಾಯಿ ಸೋಸುತ್ತಾ.

ಅರಮನೆ ಹೋದ ಮೇಲೆ ಸಂಗೀತಗಾರರನ್ನು ಯಾರು ನೋಡಿಕೊಂಡರು?

ಗಣಪತಿ! ತಮಾಷೆ ಅಲ್ಲ. ಊರಿನ ಗಣೇಶೋತ್ಸವ, ರಾಮೋತ್ಸವದ ಪೆಂಡಾಲುಗಳೇ ಕಚೇರಿಗೆ ಮುಖ್ಯ ಜಾಗವಾದವು. ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಗಣಪತಿ ಕಚೇರಿಗಳು 1960ರ ದಶಕದಿಂದ ನಡೆಯುತ್ತಿವೆ. ದೇಶದ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡುತ್ತಾರೆ. ಟಿಕೆಟ್ ಇಲ್ಲ. ಜಾಗ ಸಿಗದಿದ್ದರೆ ಫುಟ್‌ಪಾತಿನಲ್ಲಿ ಪೇಪರ್ ಹಾಸಿಕೊಂಡು ಕೂರುವುದು. ಮಳೆ ಹನಿದರೆ ಪಕ್ಕದವರ ಕೊಡೆಯೊಳಗೆ ನುಗ್ಗುವುದು. ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕಾಫಿಗೆ ಹೋಗುವವರು ದರ್ಬಾರಿನಲ್ಲಿ ಇರಲಿಲ್ಲ, ಇಲ್ಲಿ ಇದ್ದಾರೆ. ಹಾಡುವವರಿಗೂ ಅದು ಗೊತ್ತು. ಜನ ಕದಲುವ ಹೊತ್ತಿಗೆ ಒಂದು ದೇವರನಾಮ ಎತ್ತಿಕೊಂಡರೆ ಎದ್ದವರೂ ಕೂರುತ್ತಾರೆ.

ಇದರ ಜೊತೆಗೆ ಗಾನಭಾರತಿ ಸಂಗೀತ ಸಭೆ ಇದೆ, ಕುವೆಂಪುನಗರದಲ್ಲಿ ಅವರ ವೀಣೆ ಶೇಷಣ್ಣ ಭವನ ಇದೆ. ವಿಶ್ವವಿದ್ಯಾನಿಲಯದಲ್ಲಿ ಲಲಿತಕಲಾ ಕಾಲೇಜು ಇದೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇಲ್ಲೇ ಇದೆ.

ಭಾವಗೀತೆ ಸಂಗೀತದ ಲೆಕ್ಕಕ್ಕೆ ಬರುತ್ತಾ?

ಬರದೆ ಏನು! ಮಂಡ್ಯ ಜಿಲ್ಲೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಪುಸ್ತಕವಾಗಿ ಬಂತು. ಕ್ಯಾಸೆಟ್ ಕಾಲದಲ್ಲಿ ಅದೇ ಕವಿತೆಗಳು ಹಾಡಾಗಿ ಮನೆಮನೆಗೂ ಹೋದವು. ಓದು ಬಾರದವರ ಬಾಯಲ್ಲೂ ಕವಿತೆ ಬಂತು. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಹಾಕಿದ ಧಾಟಿಯನ್ನು ಸರ್ಕಾರ 2022ರಲ್ಲಿ ಒಪ್ಪಿತು. ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಅಂತ ಆದೇಶ. ಸಭೆಯಲ್ಲಿ ನಿಂತವರ ಕಾಲಿನ ಲೆಕ್ಕ ಇರಬೇಕು.

ಒಂದೇ ದಿನ ಇದೆ. ಎಲ್ಲಿ ಹೋಗಲಿ?

ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆ, ಬಾಗಿಲು ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ. ಚಾಮುಂಡಿ ಬೆಟ್ಟದ ಕಡೆ ಮೆಲೊಡಿ ವರ್ಲ್ಡ್ ಅಂತ ಮೇಣದ ಪ್ರತಿಮೆಗಳ ಮ್ಯೂಸಿಯಂ ಇದೆ. ವಾದ್ಯಗಳ ರಾಶಿಯೇ ಇದೆ, ಮಕ್ಕಳಿಗೆ ಇಷ್ಟವಾಗುತ್ತದೆ. ಸಂಜೆ ಎಲ್ಲಾದರೂ ಕಚೇರಿ ಇದ್ದರೆ ಮ್ಯೂಸಿಯಂ ಬಿಟ್ಟು ಅಲ್ಲಿಗೆ ಹೋಗಿ.

ನಮ್ಮ ಮಗಳಿಗೆ ಏಳು ವರ್ಷ. ಈಗಲೇ ವೀಣೆಗೆ ಸೇರಿಸಬಹುದಾ? ಮೊದಲು ಈ ಇತಿಹಾಸ ಎಲ್ಲ ಹೇಳಿಕೊಡ್ತೀರಾ?

ಇತಿಹಾಸ ನಿಮಗೆ, ಜಗಲಿಯಲ್ಲಿ. ಅವಳಿಗೆ ಮೊದಲ ದಿನ ಸ-ಪ-ಸ ಮಾತ್ರ. ಏಳು ವರ್ಷಕ್ಕೆ ಕೈ ಕೊನೆಯ ಮೆಟ್ಟಿಲಿಗೆ ಎಟುಕುವುದಿಲ್ಲ, ಆದರೂ ಕೂರಿಸಬಹುದು. ಮೊದಲ ಆರು ತಿಂಗಳು ಹಾಡಿಸುತ್ತೇನೆ, ಬಾಯಲ್ಲಿ ಬಾರದ್ದು ಬೆರಳಲ್ಲಿ ಬರುವುದಿಲ್ಲ. ವೀಣೆ ಈಗಲೇ ಕೊಳ್ಳಬೇಡಿ. ಎಡಗೈ ಉಗುರು ಪೂರ್ತಿ ಕತ್ತರಿಸಿ. ಬಲಗೈಯ ತೋರುಬೆರಳು, ನಡುಬೆರಳಿನ ಉಗುರು ಮಾತ್ರ ಸ್ವಲ್ಪ ಬಿಡಿ, ಮೀಟಲು ಬೇಕು. ಶಾಲೆಯಲ್ಲಿ ಉಗುರು ನೋಡಿ ಬೈದರೆ ಹೇಳಿ, ಡೈರಿಯಲ್ಲಿ ನಾನೇ ಒಂದು ಸಾಲು ಬರೆದುಕೊಡುತ್ತೇನೆ. ಈಗಾಗಲೇ ಮೂರು ಮಕ್ಕಳಿಗೆ ಬರೆದುಕೊಟ್ಟಿದ್ದೇನೆ.